ಟ್ರಂಕಿನಲ್ಲಿ ಸಿಕ್ಕ ಪುಟ್ಟ ಕಾಕ್ಸ್ ಇಂಜಿನ್: ಯಾವ ಮಾದರಿ ಎಂದು ಗುರುತಿಸಿ ಓಡಿಸುವುದು ಹೇಗೆ?

ಮಳೆಗಾಲ ಮುಗಿದು ಮನೆ ಮನೆಯ ಅಟ್ಟ ಗುಡಿಸುವ ಹೊತ್ತಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಂದು ಫೋಟೊ, ಅದರ ಕೆಳಗೆ ಎರಡು ಸಾಲು: "ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕಿತು. ಮಾಡೆಲ್ ವಿಮಾನದ ಇಂಜಿನ್ ಅಂತೆ. ಇದು ಯಾವುದು, ಓಡುತ್ತಾ?" ಕೊಡಗಿನಲ್ಲಿ ಇದೇನೂ ಅಪರೂಪವಲ್ಲ. ಸೇನೆಯಲ್ಲೋ ವಾಯುಪಡೆಯಲ್ಲೋ ದುಡಿದು ಬಂದವರು ಊರೂರಿನಲ್ಲೂ ಇದ್ದಾರೆ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಕಲಿತವರೂ ಇದ್ದಾರೆ. ಅವರ ಪೆಟ್ಟಿಗೆಗಳಲ್ಲಿ ಇಂಥದ್ದು ಇದ್ದೇ ಇರುತ್ತದೆ.

ಫೋಟೊದಲ್ಲಿರುವುದು ಹೆಚ್ಚಾಗಿ ಕಾಕ್ಸ್ ಕಂಪನಿಯ .049 ಇಂಜಿನ್. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಲಿರಾಯ್ ಕಾಕ್ಸ್ ಕಟ್ಟಿದ ಕಂಪನಿ ಅದು. .049 ಅಂದರೆ ಸಿಲಿಂಡರಿನ ಅಳತೆ, ಘನ ಇಂಚಿನಲ್ಲಿ. ನಮ್ಮ ಲೆಕ್ಕದಲ್ಲಿ 0.8 ಸಿಸಿ. ಪಿಸ್ಟನ್ನಿನ ಅಗಲ ಸುಮಾರು 10.3 ಮಿಲಿಮೀಟರ್, ಅದು ಮೇಲೆ ಕೆಳಗೆ ಓಡುವ ದೂರ 9.8 ಮಿಲಿಮೀಟರ್. ಇಷ್ಟು ಚಿಕ್ಕದಾದರೂ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟುತ್ತದೆ.

ಮೊದಲೇ ಒಂದು ಮಾತು. ಬಣ್ಣ ನೋಡಿ, ಡಬ್ಬದ ಮೇಲಿನ ಹೆಸರು ನೋಡಿ ಇಂಜಿನ್ ಯಾವುದು ಅಂತ ತೀರ್ಮಾನಿಸಬೇಡಿ. ಕಾಕ್ಸ್ .049ಗಳ ಸಿಲಿಂಡರ್, ಹೆಡ್, ಟ್ಯಾಂಕ್ ಎಷ್ಟೋ ಕಡೆ ಒಂದರದ್ದು ಇನ್ನೊಂದಕ್ಕೆ ಕೂರುತ್ತವೆ. ಒಂದು ಕೆಟ್ಟಾಗ ಇನ್ನೊಂದರಿಂದ ಬಿಚ್ಚಿ ಹಾಕಿರುತ್ತಾರೆ. ಹಾಗಾಗಿ ಹಳೆಯ ಇಂಜಿನ್ ಎಂದರೆ ಎರಡು ಮೂರು ಮಾದರಿಗಳ ಕಲಬೆರಕೆ ಆಗಿರುವ ಸಾಧ್ಯತೆ ಜಾಸ್ತಿ. ಒಂದೊಂದೇ ಭಾಗ ನೋಡಿ, ಅದು ಏನು ಎಂದು ತಿಳಿದು, ಅದಕ್ಕೆ ತಕ್ಕಂತೆ ನಡೆಸಿಕೊಳ್ಳಿ. ಇಂಧನ, ಫ್ಯಾನು (ಪ್ರೊಪೆಲ್ಲರ್), ಸೈಲೆನ್ಸರ್, ಸ್ಟಾರ್ಟ್ ಮಾಡುವ ರೀತಿ ಎಲ್ಲವೂ ಇದರ ಮೇಲೆ ನಿಂತಿವೆ.

ಬೇಕಾದ ಸಾಮಾನು: ಕಾಕ್ಸ್ ಇಂಜಿನ್ನಿಗೆಂದೇ ಸಿಗುವ ಚಪ್ಪಟೆ ಸ್ಪ್ಯಾನರ್, ಸಣ್ಣ ಸ್ಕ್ರೂಡ್ರೈವರ್, ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್, ತಲೆ ಒಣಗಿಸುವ ಹೇರ್ ಡ್ರೈಯರ್, ಮಲ್ಟಿಮೀಟರ್, ಒಳ್ಳೆಯ ಟಾರ್ಚ್, ಹೊಲಿಗೆ ಮೆಷಿನ್ ಎಣ್ಣೆ, ಕಣ್ಣಿಗೆ ಕನ್ನಡಕ. ಸ್ಪ್ಯಾನರ್ ಇಲ್ಲದಿದ್ದರೆ ಅದು ಸಿಗುವವರೆಗೆ ಕಾಯಿರಿ. ಕಂಪನಿಯನ್ನು 1996ರಲ್ಲಿ ಎಸ್ಟೆಸ್ ಕೊಂಡುಕೊಂಡಿತು. ಆದರೂ ಬಿಡಿಭಾಗ, ಸ್ಪ್ಯಾನರ್ ಇಂದಿಗೂ ಆನ್‌ಲೈನ್‌ನಲ್ಲಿ ಸಿಗುತ್ತವೆ.

ಹಂತ 1: ಅಂಟಿಕೊಂಡದ್ದನ್ನು ಬಿಡಿಸಿ, ಬಲ ಹಾಕಬೇಡಿ

ಫ್ಯಾನು ತಿರುಗದಿದ್ದರೆ "ಜಾಮ್ ಆಗಿದೆ, ಹೋಯಿತು" ಅಂದುಕೊಳ್ಳಬೇಡಿ. ಈ ಇಂಜಿನ್ನಿನ ಇಂಧನದಲ್ಲಿ ಹರಳೆಣ್ಣೆ ಇರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅದು ಒಣಗಿ ವಾರ್ನಿಷ್ ಆಗುತ್ತದೆ. ಪಿಸ್ಟನ್ ಅಂಟಿ ಕೂತಿರುವುದು ಹೆಚ್ಚಾಗಿ ಅದರಿಂದಲೇ.

ಹೆಚ್ಚಿನವರು ಎಡವುವುದು ಇಲ್ಲಿ. ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಇಕ್ಕಳ ಹಿಡಿದು ತಿರುಗಿಸುತ್ತಾರೆ. ಹರಳೆಣ್ಣೆ ಸೀಮೆಎಣ್ಣೆಯಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಅದು ಕರಗುವುದು ಸ್ಪಿರಿಟ್‌ನಲ್ಲಿ. ಹೇರ್ ಡ್ರೈಯರ್‌ನಿಂದ ಇಂಜಿನ್ನನ್ನು ಕೈಯಲ್ಲಿ ಹಿಡಿಯಲು ಕಷ್ಟವಾಗುವಷ್ಟು ಬಿಸಿ ಮಾಡಿ, ಬೆಂಕಿ ಉಪಯೋಗಿಸಬೇಡಿ. ಡ್ರೈಯರ್ ಆರಿಸಿ ಪಕ್ಕಕ್ಕಿಟ್ಟು, ಇಂಜಿನ್ ಉಗುರುಬೆಚ್ಚಗಾದ ಮೇಲೆ ಹೊಗೆ ಹೋಗುವ ಕಿಂಡಿಯಿಂದ ನಾಲ್ಕು ಹನಿ ಸ್ಪಿರಿಟ್ ಬಿಟ್ಟು ಫ್ಯಾನನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬಿಡದಿದ್ದರೆ ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಮತ್ತೆ ಬಿಸಿ ಮಾಡಿ, ಮತ್ತೆ ಹನಿಸಿ. ತಾಳ್ಮೆ ಇದ್ದರೆ ಬಿಟ್ಟುಕೊಳ್ಳುತ್ತದೆ.

ಎರಡು ಕೆಲಸ ಯಾವತ್ತೂ ಮಾಡಬೇಡಿ. ಸಿಲಿಂಡರಿನ ರೆಕ್ಕೆಗಳನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಹೊಗೆ ಕಿಂಡಿಯೊಳಗೆ ಸ್ಕ್ರೂಡ್ರೈವರ್ ತೂರಿಸಿ ಸಿಲಿಂಡರ್ ತಿರುಗಿಸಬೇಡಿ. ಈ ಪಿಸ್ಟನ್ನಿಗೆ ರಿಂಗ್ ಇಲ್ಲ. ಉಕ್ಕಿನ ಪಿಸ್ಟನ್, ಉಕ್ಕಿನ ಸಿಲಿಂಡರ್, ಎರಡೂ ಒಂದಕ್ಕೊಂದು ಹೊಂದುವಂತೆ ನುಣುಪಾಗಿ ಮಾಡಿದವು. ಒಂದು ಗೀರು ಬಿದ್ದರೆ ಕಂಪ್ರೆಶನ್, ಅಂದರೆ ಪಿಸ್ಟನ್ನಿನ ಮೇಲಿನ ಮಿಶ್ರಣ ಸೋರದೆ ಒತ್ತಿಕೊಳ್ಳುವುದು, ಹೋಯಿತೆಂದೇ ಲೆಕ್ಕ.

ಟೀ ಡೀ ಎಂಬ ಮಾದರಿಯಲ್ಲಿ ಕಾರ್ಬುರೇಟರಿನ ಮೈ ಪ್ಲಾಸ್ಟಿಕ್. ಅದಕ್ಕೆ ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ ತಾಗಿಸಬೇಡಿ.

ಹಂತ 2: ಉಸಿರು ಎಲ್ಲಿಂದ ಎಳೆಯುತ್ತದೆ ನೋಡಿ

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದು. ಗಾಳಿ, ಇಂಧನ ಹಿಂದಿನಿಂದ ಒಳಗೆ ಹೋಗುತ್ತದೋ, ಮುಂದಿನಿಂದಲೋ?

ಇಂಜಿನ್ನಿನ ಬೆನ್ನಿಗೇ ದುಂಡನೆಯ ಲೋಹದ ಟ್ಯಾಂಕ್ ಅಂಟಿಕೊಂಡಿದ್ದರೆ, ಅಥವಾ ಟ್ಯಾಂಕ್ ಇಲ್ಲದಿದ್ದರೂ ನೀಡಲ್ ಹಿಂಬದಿಯಲ್ಲಿದ್ದರೆ, ಅದು ಹಿಂದಿನಿಂದ ಉಸಿರೆಳೆಯುವ ರೀಡ್ ಇಂಜಿನ್. ನೀಡಲ್ ಅಂದರೆ ಇಂಧನ ಎಷ್ಟು ಹೋಗಬೇಕು ಎಂದು ನಿಗದಿ ಮಾಡುವ ಮೊನೆಯಿರುವ ತಿರುಪು. ರೀಡ್ ಅಂದರೆ ಕ್ರ್ಯಾಂಕ್‌ಕೇಸ್‌ನ ಹಿಂಬಾಗಿಲಲ್ಲಿ, ಅಂದರೆ ಪಿಸ್ಟನ್ನಿನ ಕೆಳಗೆ ಶಾಫ್ಟ್ ತಿರುಗುವ ಗೂಡಿನ ಹಿಂದೆ, ಕೂತ ತೆಳು ಎಲೆ. ಪಿಸ್ಟನ್ ಮೇಲೇರಿದಾಗ ಒಳಗೆ ಒತ್ತಡ ಕಡಿಮೆಯಾಗಿ ಎಲೆ ತೆರೆಯುತ್ತದೆ, ಇಳಿದಾಗ ಮುಚ್ಚುತ್ತದೆ. 1956ರ ಬೇಬ್ ಬೀ, ಅದರ ಬಂಗಾರ ಬಣ್ಣದ ಅಣ್ಣ ಗೋಲ್ಡನ್ ಬೀ, 1973ರ ಕಪ್ಪು ಬಣ್ಣದ ಬ್ಲ್ಯಾಕ್ ವಿಡೋ, ಕೊನೆಯ ಕಾಲದ ಶ್ಯೂರ್ ಸ್ಟಾರ್ಟ್ ಎಲ್ಲವೂ ಈ ಗುಂಪಿನವು.

ನೀಡಲ್ ಮುಂದೆ, ಫ್ಯಾನಿನ ಹಿಂದೆಯೇ ಇದ್ದು, ಅಲ್ಲೇ ಮೇಲ್ಮುಖವಾಗಿ ಗಾಳಿಯ ಕೊಳವೆ ನಿಂತಿದ್ದರೆ ಅದು ಟೀ ಡೀ ಅಥವಾ ಮೆಡಾಲಿಯನ್. ಇದರಲ್ಲಿ ರೀಡ್ ಇಲ್ಲ. ಕ್ರ್ಯಾಂಕ್‌ಶಾಫ್ಟ್ (ಫ್ಯಾನು ತಿರುಗಿಸುವ ದಂಡ) ಟೊಳ್ಳಾಗಿದ್ದು, ಅದರ ಮೈಯಲ್ಲಿ ಒಂದು ಕಿಂಡಿ ಇದೆ. ಶಾಫ್ಟ್ ತಿರುಗುತ್ತಾ ಆ ಕಿಂಡಿ ಕೊಳವೆಯ ಕೆಳಗೆ ಬಂದಾಗ ಮಾತ್ರ ಗಾಳಿ ಒಳಕ್ಕೆ. 1960ರ ದಶಕದ ಆರಂಭದಲ್ಲಿ ಬಂದ ಟೀ ಡೀ ವಿನ್ಯಾಸ ಬಿಲ್ ಆಟ್‌ವುಡ್ ಅವರದು. ವೇಗದ ಸ್ಪರ್ಧೆಗೆಂದೇ ಮಾಡಿದ ಇಂಜಿನ್ ಅದು. ತಕ್ಕ ಇಂಧನ, ತಕ್ಕ ಫ್ಯಾನು ಸಿಕ್ಕರೆ ಇಪ್ಪತ್ತು ಸಾವಿರ ಸುತ್ತು ದಾಟುತ್ತದೆ.

ಟೀ ಡೀ, ಮೆಡಾಲಿಯನ್ ಎರಡನ್ನೂ ಬೇರೆ ಮಾಡುವುದು ಸುಲಭ. ಗಾಳಿ ಕೊಳವೆಯೊಳಗೆ ಟಾರ್ಚ್ ಬಿಡಿ. ಅಡ್ಡಲಾಗಿ ಒಂದು ಸಣ್ಣ ನಳಿಗೆ ಕಂಡರೆ ಮೆಡಾಲಿಯನ್, ಇಂಧನ ಆ ನಳಿಗೆಯಿಂದ ಬರುತ್ತದೆ. ಏನೂ ಅಡ್ಡ ಇಲ್ಲದೆ ಕೊಳವೆ ಖಾಲಿ ಇದ್ದು, ಗೋಡೆಯ ಸುತ್ತ ಕೂದಲೆಳೆಯಂಥ ತೂತುಗಳಿದ್ದರೆ ಟೀ ಡೀ. ಈ ತೂತುಗಳಿಗೆ ಗುಂಡುಸೂಜಿ, ತಂತಿ ಯಾವುದನ್ನೂ ಹಾಕಬೇಡಿ. ಸ್ಪಿರಿಟ್‌ನಲ್ಲಿ ನೆನೆಸಿ ಊದಿದರೆ ಸಾಕು.

ಇದೆಲ್ಲ ತಿಳಿದು ಏನು ಉಪಯೋಗ ಅಂದರೆ, ರೀಡ್ ಇಂಜಿನ್ನಿಗೆ ದಿಕ್ಕಿನ ಹಂಗಿಲ್ಲ. ಎಡಕ್ಕೂ ಓಡುತ್ತದೆ, ಬಲಕ್ಕೂ ಓಡುತ್ತದೆ. ಸ್ಟಾರ್ಟ್ ಆಗಿ ಗಾಳಿ ಹಿಂದೆ ಬರುವ ಬದಲು ಮುಂದೆ ಬರುತ್ತಿದ್ದರೆ ಇಂಜಿನ್ ಕೆಟ್ಟಿಲ್ಲ, ಉಲ್ಟಾ ಓಡುತ್ತಿದೆ ಅಷ್ಟೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ. ಟೀ ಡೀಯಲ್ಲಿ ಕಿಂಡಿ ತೆರೆಯುವ ಸಮಯ ಒಂದೇ ದಿಕ್ಕಿಗೆ ಹೊಂದಿಸಿರುವುದರಿಂದ ಈ ತಾಪತ್ರಯ ಇಲ್ಲ.

ಹಂತ 3: ರೀಡ್ ಪರೀಕ್ಷೆ

ಟೀ ಡೀ, ಮೆಡಾಲಿಯನ್ ಇರುವವರು ಇದನ್ನು ಬಿಟ್ಟು ಮುಂದೆ ಹೋಗಿ.

ಟ್ಯಾಂಕ್ ಬಿಚ್ಚಿ. ಹಿಂಬದಿಯ ಗಾಳಿ ರಂಧ್ರಕ್ಕೆ ಒಂದು ಸ್ವಚ್ಛವಾದ ಸಣ್ಣ ಟ್ಯೂಬ್ ಹಿಡಿದು ಬಾಯಿಂದ ಊದಿ. ಗಾಳಿ ಒಳಗೆ ಹೋಗಬೇಕು. ಈಗ ಎಳೆಯಿರಿ. ಎಳೆಯಲು ಆಗಬಾರದು. ಎರಡೂ ಕಡೆ ಗಾಳಿ ಆಡಿದರೆ ರೀಡ್ ಮಡಚಿದೆ, ಇಲ್ಲವೇ ಅದರ ಕೆಳಗೆ ಕಸ ಕೂತಿದೆ. ಹಳೆಯವುಗಳಲ್ಲಿ ತಾಮ್ರದ ಬಣ್ಣದ, ನಕ್ಷತ್ರದ ಆಕಾರದ ರೀಡ್ ಇದ್ದು ಅದನ್ನು ತಂತಿಯ ಬಳೆ ಹಿಡಿದಿರುತ್ತದೆ. ನಂತರದವುಗಳಲ್ಲಿ ಪ್ಲಾಸ್ಟಿಕ್ ಹಾಳೆಯ ರೀಡ್ ಇರುತ್ತದೆ. ಯಾವುದಾದರೂ ಸರಿ, ರೀಡ್ ತನ್ನ ಜಾಗದಲ್ಲಿ ಸಡಿಲವಾಗಿ ಆಡುತ್ತಿರಬೇಕು. "ಅಲ್ಲಾಡುತ್ತಿದೆ" ಅಂತ ಬಿಗಿ ಮಾಡಿದರೆ ಇಂಜಿನ್ ಸ್ಟಾರ್ಟೇ ಆಗುವುದಿಲ್ಲ.

ಹಂತ 4: ಸಿಲಿಂಡರಿನ ಒಳಗೋಡೆ ಓದಿ

ಇಂಜಿನ್ನಿನ ಶಕ್ತಿ ಎಷ್ಟು ಎಂಬುದು ಹೆಚ್ಚಾಗಿ ಇಲ್ಲಿ ನಿರ್ಧಾರವಾಗುತ್ತದೆ, ಅದಕ್ಕೇ ಈ ಹಂತಕ್ಕೆ ಸಮಯ ಕೊಡಿ. ಸ್ಪ್ಯಾನರ್‌ನಿಂದ ಸಿಲಿಂಡರ್ ಬಿಚ್ಚಿ, ಬೆಳಕಿಗೆ ಹಿಡಿದು ಕೆಳಗಿನಿಂದ ಒಳಗೆ ನೋಡಿ.

ಗೋಡೆಯಲ್ಲಿ ಕೆಳಗಿನಿಂದ ಅರ್ಧದವರೆಗೆ ಕೊರೆದ ಕಾಲುವೆ ಕಾಣುತ್ತದೆ. ಇದೇ ಬೈಪಾಸ್. ಕ್ರ್ಯಾಂಕ್‌ಕೇಸ್‌ನಲ್ಲಿ ತುಂಬಿದ ಮಿಶ್ರಣ ಪಿಸ್ಟನ್ನಿನ ಮೇಲ್ಗಡೆಗೆ ಹೋಗುವ ದಾರಿ. ಒಂದೇ ಕಾಲುವೆ ಇದ್ದರೆ ಸೌಮ್ಯವಾದ ಸಿಲಿಂಡರ್, ಸಾಮಾನ್ಯವಾಗಿ ಬೇಬ್ ಬೀಯದು. ಎದುರುಬದುರು ಎರಡು ಇದ್ದರೆ ಬ್ಲ್ಯಾಕ್ ವಿಡೋ ತರದ್ದು. ಎರಡರ ಜೊತೆಗೆ ಅವುಗಳಿಂದ ಇನ್ನೂ ಮೇಲಕ್ಕೆ ಹೋಗುವ ಸಣ್ಣ ಮರಿ ಕಾಲುವೆಗಳು ಕಂಡರೆ ಅದು ಟೀ ಡೀ ಸಿಲಿಂಡರ್. ಕಾಲುವೆ ಹೆಚ್ಚಿದಷ್ಟೂ ಮಿಶ್ರಣ ಬೇಗ ತುಂಬುತ್ತದೆ, ಸುತ್ತು ಹೆಚ್ಚುತ್ತದೆ. ಬೇಬ್ ಬೀ ಟ್ಯಾಂಕಿನ ಮೇಲೆ ಎರಡು ಕಾಲುವೆಯ ಸಿಲಿಂಡರ್ ಕೂತಿದ್ದರೆ ನಿಮ್ಮ ಅದೃಷ್ಟ.

ಇನ್ನೊಂದನ್ನು ನೋಡಬೇಕು. ಸಿಲಿಂಡರ್ ಮತ್ತೆ ಕೂರಿಸಿ, ಫ್ಯಾನು ತಿರುಗಿಸಿ ಪಿಸ್ಟನ್ನನ್ನು ತೀರಾ ಮೇಲಕ್ಕೆ ತನ್ನಿ. ಈಗ ಹೊಗೆ ಕಿಂಡಿಯ ಮೂಲಕ ನೋಡಿ. ಪಿಸ್ಟನ್ನಿನ ಕೆಳ ಅಂಚು, ಕಿಂಡಿಯ ಕೆಳ ಅಂಚು, ಇವೆರಡರ ನಡುವೆ ಉಗುರಿನ ದಪ್ಪದ ಒಂದು ಸಂದು ಕಾಣುತ್ತದೆಯೇ? ಹಿಂದೆ ಟಾರ್ಚ್ ಹಿಡಿದರೆ ಆ ಸಂದಿನಲ್ಲಿ ಬೆಳಕು ಗೆರೆಯಾಗಿ ಹೊಳೆಯುತ್ತದೆ. ಬೇಕೆಂದೇ ಬಿಟ್ಟ ಸಂದು ಅದು. ಪಿಸ್ಟನ್ ಮೇಲಿದ್ದಾಗ ಆ ಸಂದಿನಿಂದ ಕ್ರ್ಯಾಂಕ್‌ಕೇಸ್‌ಗೆ ಒಂದಿಷ್ಟು ಹೆಚ್ಚುವರಿ ಗಾಳಿ ನುಗ್ಗುತ್ತದೆ. ಇದನ್ನು ಸಬ್ ಪಿಸ್ಟನ್ ಇಂಡಕ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಎಸ್‌ಪಿಐ.

ಸಂದು ಇದ್ದರೆ ಸೈಲೆನ್ಸರ್ ಹಾಕಬೇಡಿ. ಹಾಕಿದರೆ ಸಂದಿನಿಂದ ಒಳಗೆ ಹೋಗುವುದು ತಾಜಾ ಗಾಳಿಯಲ್ಲ, ಸೈಲೆನ್ಸರ್‌ನಲ್ಲಿ ನಿಂತ ಹೊಗೆ. ಇಂಜಿನ್ ಸೊರಗುತ್ತದೆ, ನೀವು ನೀಡಲ್ ತಿರುಗಿಸುತ್ತಲೇ ಇರುತ್ತೀರಿ. ಸೈಲೆನ್ಸರ್‌ಗೆಂದು ಮಾಡಿದ ಸಿಲಿಂಡರ್‌ಗಳಲ್ಲಿ ಈ ಸಂದು ಇರುವುದಿಲ್ಲ. ಅಕ್ಕಪಕ್ಕದ ಮನೆಯವರಿಗೆ ಸದ್ದು ಕಿರಿಕಿರಿ ಆಗುತ್ತದೆ ಅಂದರೆ ಅಂಥ ಸಿಲಿಂಡರ್ ಹುಡುಕಿ.

ಹೊರಗಿನ ಹೊಗೆ ಕಿಂಡಿ ಕೆಲವಕ್ಕೆ ಅಗಲವಾಗಿ ತೆರೆದಿರುತ್ತದೆ, ಕೆಲವಕ್ಕೆ, ಮುಖ್ಯವಾಗಿ ಶ್ಯೂರ್ ಸ್ಟಾರ್ಟ್‌ನಂಥ ನಂತರದವಕ್ಕೆ, ಸೀಳು ಸೀಳಾಗಿರುತ್ತದೆ. ಸೀಳಿನ ಸಿಲಿಂಡರ್ ಬಗ್ಗೆ ಬೇಸರ ಬೇಡ, ಚೆನ್ನಾಗಿಯೇ ಓಡುತ್ತದೆ.

ಹಂತ 5: ಟ್ಯಾಂಕ್

ಬೇಬ್ ಬೀ ಟ್ಯಾಂಕ್ ಚಿಕ್ಕದು, ಸುಮಾರು 5 ಸಿಸಿ. ಗೋಲ್ಡನ್ ಬೀ, ಬ್ಲ್ಯಾಕ್ ವಿಡೋ ಟ್ಯಾಂಕ್ ಉದ್ದ, ಸುಮಾರು 8 ಸಿಸಿ. ಗೋಲ್ಡನ್ ಬೀಯಲ್ಲಿ ಗಾಳಿ ಕಿಂಡಿಗಳನ್ನು ವಿಮಾನ ತಲೆಕೆಳಗಾದಾಗಲೂ ಇಂಧನ ಸಿಗುವ ಹಾಗೆ ಇಟ್ಟಿದ್ದಾರೆ. ಪಲ್ಟಿ ಹೊಡೆಸುವ ಆಸೆ ಇದ್ದರೆ ಇದೇ ಬೇಕು. ಶ್ಯೂರ್ ಸ್ಟಾರ್ಟ್, ಟೀ ಡೀ, ಮೆಡಾಲಿಯನ್‌ಗಳಿಗೆ ಟ್ಯಾಂಕ್ ಬೇರೆಯೇ ಕೂರಿಸಿಕೊಳ್ಳಬೇಕು.

ಟ್ಯಾಂಕಿನೊಳಗಿನ ಮೆತ್ತನೆಯ ಟ್ಯೂಬ್, ಗ್ಯಾಸ್ಕೆಟ್ ಹಳೆಯದಾದರೆ ಗಟ್ಟಿಯಾಗಿರುತ್ತವೆ. ಎರಡನ್ನೂ ಬದಲಾಯಿಸಿ. ಟ್ಯಾಂಕ್ ಮುಚ್ಚುವ ಮುಂಚೆ ಟ್ಯೂಬಿನ ತುದಿ ಎಲ್ಲಿದೆ ನೋಡಿ. ದಾರ ಹಿಡಿದು ಸುತ್ತ ಹಾರಿಸುವ ವಿಮಾನವಾದರೆ ಆ ತುದಿ ಸುತ್ತಿನ ಹೊರಬದಿಗೆ ಇರಬೇಕು, ಯಾಕೆಂದರೆ ಸುತ್ತುವಾಗ ಇಂಧನ ಹೊರಕ್ಕೆ ತಳ್ಳಲ್ಪಡುತ್ತದೆ. ತಪ್ಪು ಬದಿಗೆ ಇದ್ದರೆ ನೆಲದಲ್ಲಿ ಚೆನ್ನಾಗಿ ಓಡಿದ ಇಂಜಿನ್ ಹಾರಿದ ಕೂಡಲೇ ನಿಲ್ಲುತ್ತದೆ.

ಹಂತ 6: ಹೆಡ್, ಪಿಸ್ಟನ್ನಿನ ಗುಂಡು ಕೀಲು

ಕಾಕ್ಸ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ತಲೆಯ ಭಾಗವೇ ಗ್ಲೋ ಹೆಡ್. ಅದರೊಳಗೆ ಪ್ಲಾಟಿನಂ ಬೆರೆತ ತಂತಿಯ ಸುರುಳಿ ಇದೆ. ಬ್ಯಾಟರಿ ಕೊಟ್ಟರೆ ಕೆಂಪಗಾಗುತ್ತದೆ, ಒಮ್ಮೆ ಓಡಿದ ಮೇಲೆ ಬ್ಯಾಟರಿ ತೆಗೆದರೂ ಉರಿಯ ಬಿಸಿಗೆ, ಮೆಥನಾಲ್ ತಾಗುವುದಕ್ಕೆ ಕೆಂಪಗೇ ಇರುತ್ತದೆ. ಮೊದಲು ಮಲ್ಟಿಮೀಟರ್‌ನಲ್ಲಿ ಸುರುಳಿ ತುಂಡಾಗಿಲ್ಲ ತಾನೇ ನೋಡಿ. ಆಮೇಲೆ 1.5 ವೋಲ್ಟ್ ಕೊಡಿ. ಎರಡು ಮೂರು ಆಂಪಿಯರ್ ಎಳೆಯುವುದರಿಂದ ಪೆನ್ಸಿಲ್ ಸೆಲ್ ಸಾಲದು, ದಪ್ಪ ಸೆಲ್ ಬೇಕು. ಜೀಪಿನ 12 ವೋಲ್ಟ್ ಬ್ಯಾಟರಿ ತಾಗಿಸಿದರೆ ಸುರುಳಿ ಆ ಕ್ಷಣವೇ ಸುಟ್ಟುಹೋಗುತ್ತದೆ.

ಕಾಕ್ಸ್ ಪಿಸ್ಟನ್ನಿಗೆ ಪಿನ್ ಇಲ್ಲ. ಕನೆಕ್ಟಿಂಗ್ ರಾಡಿನ ತುದಿಯ ಗುಂಡು ಪಿಸ್ಟನ್ನಿನ ಬಟ್ಟಲಲ್ಲಿ ಕೂತಿದೆ, ನಮ್ಮ ಭುಜದ ಕೀಲಿನ ಹಾಗೆ. ಓಡಿ ಓಡಿ ಇದು ಸಡಿಲವಾಗುತ್ತದೆ. ಹೆಡ್ ತೆಗೆದು, ಪಿಸ್ಟನ್ ತೀರಾ ಮೇಲೆ ಇರುವಾಗ ಫ್ಯಾನನ್ನು ಅತ್ತಿತ್ತ ಸ್ವಲ್ಪ ಆಡಿಸಿ, ಪಿಸ್ಟನ್ ತಲೆಯನ್ನು ಮರದ ಕಡ್ಡಿಯಿಂದ ಒತ್ತಿ ನೋಡಿ. ಕಾಗದದ ದಪ್ಪಕ್ಕಿಂತ ಜಾಸ್ತಿ ಆಟ ಸಿಕ್ಕರೆ ಕೀಲು ಬಿಗಿ ಮಾಡುವ ಪುಟ್ಟ ಸಾಧನ ತರಿಸಿ. ಸುತ್ತಿಗೆಯಿಂದ ಪ್ರಯತ್ನಿಸಬೇಡಿ. ಸಡಿಲವಿದ್ದಾಗಲೇ ಓಡಿಸಿದರೆ ಕೀಲು ಕಿತ್ತು ಬರುತ್ತದೆ.

ಹಂತ 7: ಇಂಧನ

ಕಾಫಿ ತೋಟದ ಮನೆಗಳಲ್ಲಿ ಕಳೆ ಕತ್ತರಿಸುವ ಮೆಷಿನ್ನಿಗೆ ಕಲಸಿಟ್ಟ ಪೆಟ್ರೋಲ್ ಇದ್ದೇ ಇರುತ್ತದೆ. "ಇದೂ ಟೂ ಸ್ಟ್ರೋಕ್ ಅಲ್ವಾ" ಅಂತ ಅದನ್ನೇ ಹಾಕುವವರು ತುಂಬಾ ಜನ. ಹಾಕಬೇಡಿ. ಪೆಟ್ರೋಲಿಗೆ ಗ್ಲೋ ಹೆಡ್ ಕೆಲಸ ಮಾಡುವುದಿಲ್ಲ. ಬೇಕಿರುವುದು ಮೆಥನಾಲ್, ಎಣ್ಣೆ, ನೈಟ್ರೊಮೀಥೇನ್ ಬೆರೆಸಿದ ಗ್ಲೋ ಇಂಧನ. ಹಾಬಿ ಅಂಗಡಿಯಲ್ಲಿ ಕಲಸಿದ್ದೇ ಸಿಗುತ್ತದೆ, ಅದನ್ನೇ ಕೊಳ್ಳಿ, ಮನೆಯಲ್ಲಿ ಬೆರೆಸುವ ಸಾಹಸ ಬೇಡ. ಬಾಟಲಿಯ ಮೇಲೆ ಎಣ್ಣೆ 20 ಶೇಕಡಾ ಇದೆಯೇ, ಅದರಲ್ಲಿ ಕನಿಷ್ಠ ಅರ್ಧ ಹರಳೆಣ್ಣೆಯೇ ನೋಡಿ. ಕಾರಣ ಆ ಗುಂಡು ಕೀಲು. ದೊಡ್ಡ ಇಂಜಿನ್ನುಗಳ ಇಂಧನದಲ್ಲಿ ಎಣ್ಣೆ ಕಡಿಮೆ, ಅದು ಇದಕ್ಕೆ ಆಗದು. ನೈಟ್ರೊ ಬೇಬ್ ಬೀಗೆ 10ರಿಂದ 15 ಶೇಕಡಾ ಸಾಕು, ಬ್ಲ್ಯಾಕ್ ವಿಡೋ, ಟೀ ಡೀಗೆ 25ರ ಹತ್ತಿರ ಇದ್ದರೆ ಒಳ್ಳೆಯದು.

ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣೂ ಹೋಗುತ್ತದೆ, ಜೀವವೂ ಹೋಗುತ್ತದೆ. ನೀರಿನ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಡಿ. ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒದ್ದೆ ಗೋಣಿ ಇರಲೇಬೇಕು.

ಹಂತ 8: ಸ್ಟಾರ್ಟ್ ಮಾಡಿ, ನೀಡಲ್ ಹೊಂದಿಸಿ

ಇಂಜಿನ್ನನ್ನು ಗಟ್ಟಿ ಹಲಗೆಗೆ ಬಿಗಿಯಿರಿ. ಕೈಯಲ್ಲಿ ಹಿಡಿದು ಓಡಿಸಬೇಡಿ. ಫ್ಯಾನು ಆರು ಇಂಚು ಉದ್ದ, ಮೂರು ಇಂಚು ಪಿಚ್‌ನದು ಹೊಂದುತ್ತದೆ. ಪಿಚ್ ಅಂದರೆ ಒಂದು ಸುತ್ತಿಗೆ ಫ್ಯಾನು ಮುಂದೆ ಹೋಗಬೇಕಾದ ದೂರ. ಅಂಚು ಸೀಳಿದ್ದರೆ ಬಿಸಾಡಿ.

1. ಟ್ಯಾಂಕ್ ತುಂಬಿ. ಬೀ ಗುಂಪಿನ ಇಂಜಿನ್ನಾದರೆ ನೀಡಲ್ ಪೂರ್ತಿ ಮುಚ್ಚಿ (ಒತ್ತಬೇಡಿ), ಅಲ್ಲಿಂದ ಮೂರು ನಾಲ್ಕು ಸುತ್ತು ತೆರೆಯಿರಿ. ಟೀ ಡೀಗೆ ಈ ಲೆಕ್ಕ ಹಿಡಿಯಬೇಡಿ, ಹೆಚ್ಚು ತೆರೆದು ಶುರುಮಾಡಿ.

2. ಹೊಗೆ ಕಿಂಡಿಗೆ ಎರಡು ಹನಿ ಇಂಧನ ಬಿಡಿ. ಜಾಸ್ತಿ ಬೇಡ. ಸಿಲಿಂಡರಿನಲ್ಲಿ ಇಂಧನ ನಿಂತರೆ ಫ್ಯಾನು ಗಕ್ಕನೆ ತಡೆಯುತ್ತದೆ. ಆಗ ಬಲ ಹಾಕಿದರೆ ಕೀಲು ಮುರಿಯುತ್ತದೆ. ಹೆಡ್ ಬಿಚ್ಚಿ ಒಳಗೆ ನಿಂತ ಇಂಧನ ಚೆಲ್ಲಿ.

3. ಸ್ಪ್ರಿಂಗ್ ಸ್ಟಾರ್ಟರ್ ಇದ್ದರೆ ಅದನ್ನು ಫ್ಯಾನಿಗೆ ಸಿಕ್ಕಿಸಿ, ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಸುತ್ತು ತಿರುಗಿಸಿ ಹಿಡಿಯಿರಿ. ಬ್ಯಾಟರಿ ಕೊಟ್ಟು ಕೈ ಬಿಡಿ. ಸ್ಪ್ರಿಂಗ್ ಇಲ್ಲದಿದ್ದರೆ ರಬ್ಬರ್ ಸುತ್ತಿದ ಕೋಲಿನಿಂದ ಹೊಡೆಯಿರಿ, ಬೆರಳು ಬೇಡ.

4. ಓಡಲು ಶುರುವಾದ ಮೇಲೆ ಹಿಂದೆ ನಿಂತು ಬ್ಯಾಟರಿ ತೆಗೆಯಿರಿ. ಫ್ಯಾನಿನ ನೇರಕ್ಕೆ ಯಾರೂ ನಿಲ್ಲಬಾರದು. ಗೊರಗೊರ ಸದ್ದು ಬರುತ್ತಿದ್ದರೆ ಇಂಧನ ಜಾಸ್ತಿ. ಸದ್ದು ಒಂದೇ ಎಳೆಯಾಗಿ ಕಿರುಚುವವರೆಗೆ ನೀಡಲ್ ಚೂರು ಚೂರೇ ಮುಚ್ಚಿ, ಆಮೇಲೆ ಒಂದು ಎಳೆಯಷ್ಟು ಹಿಂದಕ್ಕೆ ತೆರೆಯಿರಿ. ತೀರಾ ಮುಚ್ಚಿ ಓಡಿಸಿದರೆ ಸಿಲಿಂಡರ್ ಕಾದು ಹಾಳಾಗುತ್ತದೆ.

ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಹೊಂದಿಸಿದ ನೀಡಲ್ ಮಡಿಕೇರಿಯಲ್ಲಿ ಸರಿ ಇರುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರ. ಗಾಳಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ತೆಳು. ಗಾಳಿ ಕಡಿಮೆಯಾದರೆ ಇಂಧನವೂ ಕಡಿಮೆ ಬೇಕು, ಹಾಗಾಗಿ ಇಲ್ಲಿ ನೀಡಲ್ ಸ್ವಲ್ಪ ಹೆಚ್ಚು ಮುಚ್ಚಬೇಕಾಗುತ್ತದೆ. ಶಕ್ತಿಯೂ ಸ್ವಲ್ಪ ಇಳಿಯುತ್ತದೆ. ಹೆಡ್ ಕೆಳಗೆ ಎರಡು ತಾಮ್ರದ ವಾಷರ್ ಇದ್ದರೆ ಒಂದನ್ನು ತೆಗೆದು ನೋಡಿ, ಕಂಪ್ರೆಶನ್ ಹೆಚ್ಚುತ್ತದೆ.

ಹಂತ 9: ಎಲ್ಲಿ ಹಾರಿಸುವುದು

ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆ ಅಂತ ಆಸೆಯಾಗುತ್ತದೆ. ಬೇಡ. ಹೊಗೆಯ ಜೊತೆ ಹರಳೆಣ್ಣೆ ಸಿಡಿದು ನೆಲಕ್ಕೆ ಅಂಟುತ್ತದೆ, ಕಾಫಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹುತ್ತರಿ ಕಳೆದು, ಕೊಯ್ಲು ಮುಗಿದು, ನೆಲ ಗಟ್ಟಿಯಾದ ಗದ್ದೆಯೇ ಒಳ್ಳೆಯ ಜಾಗ. ಹುಲ್ಲು ಒಣಗಿದ್ದರೆ ಓಡಿಸುವ ಜಾಗಕ್ಕೆ ಮೊದಲು ನೀರು ಚಿಮುಕಿಸಿ.

ದಾರ ಹಿಡಿದು ಹಾರಿಸುವವರು ಮೇಲೆ ನೋಡಿ. ದಾರ ಅನ್ನುತ್ತೇವೆ, ಅದು ಹೆಚ್ಚಾಗಿ ಉಕ್ಕಿನ ತಂತಿ. ಗದ್ದೆಯ ಮೇಲೆ ಕರೆಂಟಿನ ಲೈನ್ ಹಾದಿದ್ದರೆ ಆ ಗದ್ದೆ ಬೇಡವೇ ಬೇಡ. ವಿಮಾನ ಲೈನಿಗೆ ತಾಗಿದರೆ ಹಿಡಿಕೆ ಹಿಡಿದವರು ಉಳಿಯುವುದಿಲ್ಲ. ಕಾಡಿನಂಚಿನಲ್ಲಿಯೂ ಹಾರಿಸಬೇಡಿ, ಈ ಸದ್ದಿಗೆ ಆನೆ, ಕಾಟಿ ಗಾಬರಿಯಾಗುತ್ತವೆ.

ಹಂತ 10: ಮಳೆಗಾಲಕ್ಕೆ ಮುಂಚೆ

ಸಿಲಿಂಡರ್, ಪಿಸ್ಟನ್ ಎರಡೂ ಉಕ್ಕು. ಮೆಥನಾಲ್ ನೀರಿನಂಶ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸಲು ಹಿಡಿಯುವ ಊರು ನಮ್ಮದು. ದಿನದ ಕೊನೆಗೆ ಟ್ಯಾಂಕ್ ಖಾಲಿಯಾಗಿ ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಹೆಡ್ ಬಿಚ್ಚಿ ನಾಲ್ಕು ಹನಿ ಹೊಲಿಗೆ ಮೆಷಿನ್ ಎಣ್ಣೆ, ಗಾಳಿ ಒಳಹೋಗುವ ರಂಧ್ರಕ್ಕೂ ಎರಡು ಹನಿ ಬಿಟ್ಟು ಫ್ಯಾನು ತಿರುಗಿಸಿ. ಹೆಡ್ ಕೂರಿಸಿ, ಒಣ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಡಬ್ಬಿಯೊಳಗೆ ಒಂದು ಚೀಟಿಯೂ ಇರಲಿ: ರೀಡ್ ಇದೆಯೋ ಇಲ್ಲವೋ, ಕಾಲುವೆ ಎಷ್ಟು, ಸಂದು ಇದೆಯೇ, ಹೆಡ್ ಕೆಳಗೆ ಎಷ್ಟು ವಾಷರ್, ನೀಡಲ್ ಎಷ್ಟು ಸುತ್ತು. ಬಿಡಿಭಾಗ ತರಿಸುವಾಗ ಈ ಐದು ಮಾಹಿತಿ ಬೇಕೇ ಬೇಕು.